ಕಿಡಿ ಕಚ್ಚುವ ಜಾಗ

ಹಳೆಯ ಯೆಜ್ಡಿ ಬೈಕಿನ ಸಿಬಿ ಪಾಯಿಂಟ್, ಅಂದರೆ ಇಂಜಿನ್ನಿನ ಕಿಡಿಗಾಗಿ ವಿದ್ಯುತ್ತನ್ನು ಕೂಡಿಸಿ ಕಡಿಯುವ ಕಾಂಟ್ಯಾಕ್ಟ್ ಬ್ರೇಕರ್, ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿ. ಎರಡು ಪುಟ್ಟ ಲೋಹದ ಬಿಲ್ಲೆಗಳು. ಹೊಸದಾಗಿ ಡಬ್ಬಿಯಿಂದ ತೆಗೆದಾಗ ಎರಡರ ಮುಖವೂ ಸಪಾಟಾಗಿ, ನುಣುಪಾಗಿರುತ್ತದೆ. ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಒಂದರ ನಡುವೆ ಕುಳಿ ಬಿದ್ದಿರುತ್ತದೆ, ಇನ್ನೊಂದರ ನಡುವೆ ಆ ಕುಳಿಯ ಅಳತೆ ತೆಗೆದೇ ಮಾಡಿದ ಹಾಗೆ ಒಂದು ಮೊಳಕೆ ಎದ್ದಿರುತ್ತದೆ. ಯಾರೂ ಕೊರೆದಿಲ್ಲ, ಯಾರೂ ಬೆಸುಗೆ ಹಾಕಿಲ್ಲ. ಇಲ್ಲಿನ ಲೋಹ ಅರ್ಧ ಮಿಲಿಮೀಟರಿಗಿಂತ ಕಡಿಮೆ ಗಾಳಿಯನ್ನು ದಾಟಿ ಅಲ್ಲಿಗೆ ಹೋಗಿ ಕೂತಿದೆ. ದಾಟಿಸಿದ್ದು ಕಿಡಿ.

ಹಳೇ ಮೆಕ್ಯಾನಿಕ್ಕುಗಳು ಇದನ್ನು ಓದಬಲ್ಲವರು. ಪಾಯಿಂಟಿನ ಬಣ್ಣ ನೋಡಿ ಕಂಡೆನ್ಸರ್ ಹೋಗಿದೆ ಅನ್ನುತ್ತಾರೆ. ಕುಳಿಯ ಆಳ ನೋಡಿ ಗಾಡಿ ಎಷ್ಟು ದಿನದಿಂದ ಸರಿಯಾಗಿ ಎಳೆಯುತ್ತಿಲ್ಲ ಎಂದು ಅಂದಾಜು ಮಾಡುತ್ತಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ತಯಾರಿಸಿ, 1996ರಲ್ಲಿ ಬಾಗಿಲು ಹಾಕಿತು. ಆ ಗಾಡಿಗಳನ್ನು ಇವತ್ತಿಗೂ ರಸ್ತೆಯ ಮೇಲೆ ಇಟ್ಟಿರುವವರ ಕೈಯಲ್ಲಿ ಈ ವಿದ್ಯೆ ಉಳಿದಿದೆ.

ಗಾಳಿ ಸುಲಭಕ್ಕೆ ವಿದ್ಯುತ್ತಿಗೆ ದಾರಿ ಬಿಡುವುದಿಲ್ಲ. ಒಂದು ಮಿಲಿಮೀಟರ್ ಗಾಳಿಯನ್ನು ಸೀಳಿ ಕಿಡಿ ಹಾರಬೇಕಾದರೆ 3,000 ವೋಲ್ಟಿಗೂ ಹೆಚ್ಚು ಬೇಕು. ಅಂತರ ಕಿರಿದಾದ ಹಾಗೆ ಬೇಕಾದ ವೋಲ್ಟೂ ಇಳಿಯುತ್ತದೆ, ಆದರೆ ಸೊನ್ನೆಗೆ ಇಳಿಯುವುದಿಲ್ಲ. ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಕ್ ಪಾಶೆನ್ 1889ರಲ್ಲಿ ಪ್ರಕಟಿಸಿದ ನಿಯಮದಂತೆ ಈ ಇಳಿತಕ್ಕೊಂದು ತಳವಿದೆ. ನಾವು ಉಸಿರಾಡುವ ಗಾಳಿಗೆ ಆ ತಳ ಸುಮಾರು 330 ವೋಲ್ಟ್, ಅದೂ ಏಳೆಂಟು ಮೈಕ್ರಾನ್ ಅಂತರದಲ್ಲಿ. ಅದಕ್ಕಿಂತ ಕಡಿಮೆ ಇದ್ದರೆ ನಡುವಿನ ಗಾಳಿ ತಾನಾಗಿ ಒಡೆದು ಕಿಡಿ ಕೊಡುವುದಿಲ್ಲ.

ಹಳೆಯ ಜಾವಾ, ಯೆಜ್ಡಿಗಳ ಬ್ಯಾಟರಿ ಆರೇ ಆರು ವೋಲ್ಟಿನದು. ಮತ್ತೆ ಪಾಯಿಂಟಿನಲ್ಲಿ ಕಿಡಿ ಬಂದದ್ದು ಎಲ್ಲಿಂದ?

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಪಾಯಿಂಟಿನ ಹಿಂದೆ ಕೂತಿರುವ ಇಗ್ನಿಷನ್ ಕಾಯಿಲ್. ಕಬ್ಬಿಣದ ಸುತ್ತ ಸುತ್ತಿದ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ನಿಲ್ಲಿಸಲು ಹೋದರೆ ಕಾಯಿಲ್ ಒಪ್ಪುವುದಿಲ್ಲ. ತನ್ನೊಳಗಿನ ಕಾಂತಶಕ್ತಿಯನ್ನೆಲ್ಲ ಸುರಿದು ವೋಲ್ಟನ್ನು ಇನ್ನೂರು ಮುನ್ನೂರಕ್ಕೆ ಏರಿಸಿ, ತೆರೆದ ಬಾಯಿಯನ್ನು ದಾಟಲು ನೋಡುತ್ತದೆ. ನಮಗೆ ಬೇಕಾದದ್ದೂ ಅದೇ ಏರಿಕೆ. ಕಾಯಿಲಿನ ಎರಡನೇ ಸುತ್ತು ಅದನ್ನು ಹದಿನೈದು ಇಪ್ಪತ್ತು ಸಾವಿರ ವೋಲ್ಟಿಗೆ ಹಿಗ್ಗಿಸಿ ಪ್ಲಗ್ಗಿಗೆ ಕಳಿಸುತ್ತದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಇಂಥ ಬ್ಯಾಟರಿ ಇಗ್ನಿಷನ್ 1910ರ ಮಾದರಿಯ ಕ್ಯಾಡಿಲ್ಯಾಕ್ ಕಾರಿಗೆ ಬಂತು. ಅಂಬಾಸಿಡರ್ ಕಾರಿನವರೆಗೂ ನಡೆದುಬಂದದ್ದು ಅದೇ ಏರ್ಪಾಟು. ಕಿಡಿ ಬೇಕಾದದ್ದು ಸಿಲಿಂಡರಿನೊಳಗೆ, ಪ್ಲಗ್ಗಿನ ತುದಿಯಲ್ಲಿ. ಅದರಲ್ಲಿ ಒಂದು ಪಾಲು ಪಾಯಿಂಟಿನಲ್ಲೇ ಸೋರಿಹೋಗುತ್ತದೆ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದದ್ದು. ಎರಡು ಲೋಹದ ಮುಖಗಳು ಎಷ್ಟೇ ನುಣುಪಾಗಿದ್ದರೂ ಅವು ಒಂದನ್ನೊಂದು ಇಡಿಯಾಗಿ ಮುಟ್ಟುವುದಿಲ್ಲ. ಕಣ್ಣಿಗೆ ಕಾಣದ ಏರುತಗ್ಗುಗಳ ನೆತ್ತಿಗಳು ಮಾತ್ರ ತಾಗಿರುತ್ತವೆ, ವಿದ್ಯುತ್ತೆಲ್ಲ ಆ ಕೆಲವೇ ಚುಕ್ಕಿಗಳ ಮೂಲಕ ನುಗ್ಗುತ್ತದೆ. ಬರ್ಲಿನ್ನಿನ ಸೀಮೆನ್ಸ್‌ನಲ್ಲಿ ಈ ಚುಕ್ಕಿಗಳ ಬೆನ್ನು ಹತ್ತಿದ ಸ್ವೀಡನ್ನಿನ ರಾಗ್ನಾರ್ ಹೋಲ್ಮ್ ಮುಂದೆ ಇದನ್ನೇ ಒಂದು ಶಾಸ್ತ್ರವಾಗಿ ಕಟ್ಟಿದರು. ಪಾಯಿಂಟ್ ತೆರೆಯತೊಡಗಿದಾಗ ಚುಕ್ಕಿಗಳು ಒಂದೊಂದಾಗಿ ಬಿಡುತ್ತವೆ. ಕೊನೆಗೆ ಒಂದೇ ಉಳಿಯುತ್ತದೆ, ಅಷ್ಟೂ ಆಂಪಿಯರ್ ಅದರ ಮೇಲೆ. ಬೆಳ್ಳಿಯ ಚುಕ್ಕಿಯೊಂದು ಕರಗಲು ಅದರ ಎರಡು ಬದಿಯ ನಡುವೆ ಸುಮಾರು 0.37 ವೋಲ್ಟ್ ವ್ಯತ್ಯಾಸವಿದ್ದರೆ ಸಾಕು. ಟಾರ್ಚಿನ ಒಂದು ಸೆಲ್ಲಿನಲ್ಲಿ ಅದರ ನಾಲ್ಕು ಪಟ್ಟು ವೋಲ್ಟ್ ಇರುತ್ತದೆ.

ಕರಗಿದ ಲೋಹ ಎರಡು ಮುಖಗಳ ನಡುವೆ ಸೇತುವೆಯಾಗಿ ಎಳೆದುಕೊಳ್ಳುತ್ತದೆ. ಪಾಯಿಂಟ್ ದೂರ ಸರಿದಂತೆ ಸೇತುವೆ ಸಪೂರವಾಗಿ, ಕುದಿದು, ಸಿಡಿಯುತ್ತದೆ. ಸಿಡಿದ ಜಾಗದಲ್ಲಿ ಈಗ ಬರೀ ಗಾಳಿಯಿಲ್ಲ, ಕಾದ ಲೋಹದ ಆವಿ ತುಂಬಿದೆ. ಈ ಆವಿಗೆ ಪಾಶೆನ್ನರ 330 ವೋಲ್ಟಿನ ಹಂಗಿಲ್ಲ. ಬೆಳ್ಳಿಯ ನಡುವೆ ಆರ್ಕ್, ಅಂದರೆ ಆರದೆ ಉರಿಯುವ ಕಿಡಿ, ನಿಲ್ಲಲು ಹನ್ನೆರಡು ವೋಲ್ಟ್, ಅರ್ಧ ಆಂಪಿಯರಿನ ಆಸುಪಾಸು ಇದ್ದರಾಯಿತು. ಟಂಗ್‌ಸ್ಟನ್‌ಗೆ ಹದಿನೈದು ವೋಲ್ಟ್, ಒಂದು ಆಂಪಿಯರಿನಷ್ಟು ಬೇಕು. ಕಾಯಿಲ್ ಎಬ್ಬಿಸುವ ವೋಲ್ಟು ಅದನ್ನು ಎಂದೋ ದಾಟಿರುತ್ತದೆ.

ಆದ್ದರಿಂದ ಪ್ರತಿ ಸಲ ಪಾಯಿಂಟ್ ತೆರೆದಾಗಲೂ ಒಂದು ಚಿಟಿಕೆಗೂ ಸಾಲದಷ್ಟು ಲೋಹ ಕರಗುತ್ತದೆ, ಆವಿಯಾಗುತ್ತದೆ, ಒಂದಿಷ್ಟು ಎದುರಿನ ಮುಖದ ಮೇಲೆ ಹೆಪ್ಪುಗಟ್ಟುತ್ತದೆ. ವಿದ್ಯುತ್ತು ಯಾವಾಗಲೂ ಒಂದೇ ದಿಕ್ಕಿಗೆ ಹರಿಯುವುದರಿಂದ ಸಾಗಾಟವೂ ಒಂದೇ ದಿಕ್ಕಿಗೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಸುತ್ತಿಗೊಂದು ಕಿಡಿ. ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಪಾಯಿಂಟ್ ಸೆಕೆಂಡಿಗೆ 50 ಸಲ, ಗಂಟೆಗೆ 1,80,000 ಸಲ ತೆರೆಯುತ್ತದೆ. ಆ ಕುಳಿ, ಆ ಮೊಳಕೆ ಇಷ್ಟು ಸಲದ ಕೂಡಿಸಿದ ಲೆಕ್ಕ.

ಕಿಡಿಯನ್ನು ಪೂರ್ತಿ ಇಲ್ಲವಾಗಿಸಲು ಆಗುವುದಿಲ್ಲ. ಅದು ಎಲ್ಲಿ ಬೀಳಬೇಕು, ಎಷ್ಟು ಹೊತ್ತು ಇರಬೇಕು ಎಂದು ಕಟ್ಟುಹಾಕಬಹುದು, ಅಷ್ಟೇ. ಈ ಕಸುಬಿನ ಜಾಣತನವೆಲ್ಲ ಆ ಕಟ್ಟಿನಲ್ಲಿದೆ.

ಕಟ್ಟುಗಳಲ್ಲಿ ಮೊದಲನೆಯದು ಲೋಹದ ಆಯ್ಕೆ. ಹಿಂದೆ ಪಾಯಿಂಟಿಗೆ ಪ್ಲಾಟಿನಂ ಹಾಕುತ್ತಿದ್ದರು. ಅದು 1,768 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ತುಕ್ಕು ಹಿಡಿಯುವುದಿಲ್ಲ, ಆದರೆ ಬೆಲೆ ಕೇಳಬಾರದು. ಆಮೇಲೆ ಆ ಜಾಗಕ್ಕೆ ಟಂಗ್‌ಸ್ಟನ್ ಬಂತು. ಅದು ಕರಗುವುದು 3,422 ಡಿಗ್ರಿಯಲ್ಲಿ, ಲೋಹಗಳಲ್ಲಿ ಅದಕ್ಕಿಂತ ತಡೆದುಕೊಳ್ಳುವುದು ಇನ್ನೊಂದಿಲ್ಲ. ಗಟ್ಟಿಯಾದ್ದರಿಂದ ಬಡಿತಕ್ಕೂ ಜಗ್ಗುವುದಿಲ್ಲ.

ಎರಡನೆಯದು ಕಂಡೆನ್ಸರ್. ಹೆಬ್ಬೆರಳಿನ ತುದಿಯಷ್ಟಿರುವ ಈ ತಗಡಿನ ಡಬ್ಬಿಯನ್ನು ಪಾಯಿಂಟಿಗೆ ಪಕ್ಕದಾರಿಯಾಗಿ ಜೋಡಿಸಿರುತ್ತಾರೆ. ಗದ್ದೆಗೆ ಹರಿಯುವ ಕಾಲುವೆಯ ಬಾಯಿಯನ್ನು ಒಮ್ಮೆಲೇ ಕಟ್ಟಿದರೆ ನೀರು ಬದು ಒಡೆಯುತ್ತದೆ. ಪಕ್ಕದಲ್ಲೊಂದು ಗುಂಡಿ ತೋಡಿಟ್ಟರೆ ಅದು ತುಂಬುವಷ್ಟರಲ್ಲಿ ಮಣ್ಣು ಹಾಕಿ ಮುಗಿಸಬಹುದು. ಕಂಡೆನ್ಸರ್ ಆ ಗುಂಡಿಯ ಕೆಲಸ ಮಾಡುತ್ತದೆ. ಪಾಯಿಂಟ್ ಬಿಡುವ ಕ್ಷಣದಲ್ಲಿ ನುಗ್ಗುವ ವಿದ್ಯುತ್ತನ್ನು ತಾನು ತುಂಬಿಕೊಂಡು ವೋಲ್ಟ್ ಏರುವುದನ್ನು ಒಂದು ಗಳಿಗೆ ತಡೆಯುತ್ತದೆ. ಅಷ್ಟರಲ್ಲಿ ಪಾಯಿಂಟು ಕಿಡಿಯ ಕೈಗೆ ಎಟುಕದಷ್ಟು ಅಗಲಿರುತ್ತದೆ. ಅಂತರ ಬೆಳೆಯುವ ವೇಗ ವೋಲ್ಟ್ ಬೆಳೆಯುವ ವೇಗಕ್ಕಿಂತ ಮುಂದಿರಬೇಕು. ಸಾಮಾನ್ಯವಾಗಿ ಕಾಲು ಮೈಕ್ರೋಫ್ಯಾರಡ್ ಆಸುಪಾಸಿನ ಕಂಡೆನ್ಸರ್ ಈ ಓಟದಲ್ಲಿ ಪಾಯಿಂಟನ್ನು ಗೆಲ್ಲಿಸುತ್ತದೆ. ಅಳತೆ ತಪ್ಪಿದ ಕಂಡೆನ್ಸರ್ ಹಾಕಿದರೆ ಮೊಳಕೆ ಬೇಗ ಬೆಳೆಯುತ್ತದೆ. ಕಂಡೆನ್ಸರ್ ಸತ್ತಿದ್ದರೆ ಪಾಯಿಂಟಿನಲ್ಲಿ ದೊಡ್ಡ ಕಿಡಿ, ಪ್ಲಗ್ಗಿನಲ್ಲಿ ಸಪ್ಪೆ ಕಿಡಿ, ಗಾಡಿ ಸ್ಟಾರ್ಟ್ ಆಗುವುದೇ ಇಲ್ಲ.

ಮೂರನೆಯ ಕಟ್ಟು ಮೆಕ್ಯಾನಿಕ್ಕಿನ ಕೈಯಲ್ಲಿದೆ. ಅದು ಗ್ಯಾಪ್. ಪಾಯಿಂಟ್ ಪೂರ್ತಿ ತೆರೆದಾಗ ನಡುವೆ ಸುಮಾರು 0.4 ಮಿಲಿಮೀಟರ್ ಇರಬೇಕು. ಕಡಿಮೆ ಇಟ್ಟರೆ ಕಿಡಿ ಕಡಿಯದೆ ಉರಿಯುತ್ತಲೇ ಇರುತ್ತದೆ, ಪಾಯಿಂಟ್ ಸುಡುತ್ತದೆ. ಹೆಚ್ಚು ಇಟ್ಟರೆ ಪಾಯಿಂಟ್ ಮುಚ್ಚಿರುವ ಹೊತ್ತು ಕಡಿಮೆಯಾಗಿ ಕಾಯಿಲ್ ಅರೆಹೊಟ್ಟೆಯಲ್ಲಿ ಉಳಿಯುತ್ತದೆ, ಗಾಡಿ ಜೋರು ಓಡುವಾಗ ಮಿಸ್ ಹೊಡೆಯುತ್ತದೆ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪಾಯಿಂಟಿನ ತೋಳಿಗೆ ಅಂಟಿದ ಫೈಬರ್ ಹಿಮ್ಮಡಿ, ಇಂಜಿನ್ ಜೊತೆ ತಿರುಗಿ ಪಾಯಿಂಟನ್ನು ತೆರೆಯುವ ಕ್ಯಾಮಿನ ಮೇಲೆ ಉಜ್ಜಿ ಉಜ್ಜಿ ಸವೆದರೆ ಗ್ಯಾಪ್ ಕಿರಿದಾಗುತ್ತದೆ. ಕಿಡಿ ಲೋಹವನ್ನು ತಿಂದರೆ ಗ್ಯಾಪ್ ಹಿರಿದಾಗುತ್ತದೆ. ಎರಡು ಸವೆತಗಳೂ ಎದುರುಬದುರು ಎಳೆಯುತ್ತಿರುವುದರಿಂದ ಗಾಡಿ ಸುಮ್ಮನೆ ಒಂದು ಹದದಲ್ಲಿ ಇದ್ದಂತೆ ಕಾಣುತ್ತದೆ, ಬಿಚ್ಚಿ ನೋಡಿದಾಗಲೇ ನಿಜ ತಿಳಿಯುವುದು.

ಕೈ ಪಳಗಿದವರು ಕೆಲಸ ಮಾಡುವ ಕ್ರಮ ನೋಡುವಂಥದ್ದು. ಕವರ್ ಬಿಚ್ಚಿ, ಕ್ಯಾಮಿನ ಎತ್ತರದ ತುದಿ ಹಿಮ್ಮಡಿಯನ್ನು ಮುಟ್ಟುವ ತನಕ ಇಂಜಿನ್ ತಿರುಗಿಸುತ್ತಾರೆ. ಅನನುಭವಿ ತಕ್ಷಣ ಅಂತರ ಅಳೆಯುವ ಫೀಲರ್ ಗೇಜ್ ತೂರಿಸುತ್ತಾನೆ. ಅನುಭವಸ್ಥ ಮೊದಲು ಪಾಯಿಂಟಿನ ಮುಖ ನೋಡುತ್ತಾನೆ. ಮೊಳಕೆ ಇದ್ದರೆ ಗೇಜಿನ ಎಲೆ ಅದರ ನೆತ್ತಿಗೆ ತಾಗಿ ನಿಲ್ಲುತ್ತದೆ. 0.4 ಎಂದು ತೋರಿಸಿದರೂ ಮೊಳಕೆಯ ಸುತ್ತಲಿನ ನಿಜವಾದ ಅಂತರ ಅದಕ್ಕಿಂತ ಹೆಚ್ಚಿರುತ್ತದೆ. ಆದ್ದರಿಂದ ಮೊದಲು ಮೊಳಕೆ ತೆಗೆಯಬೇಕು. ಅದಕ್ಕೆಂದೇ ತೆಳ್ಳನೆಯ ಪಾಯಿಂಟ್ ಫೈಲ್ ಇದೆ, ಎರಡು ಮೂರು ಎಳೆತ ಸಾಕು. ಕುಳಿಯನ್ನು ಪೂರ್ತಿ ಮಟ್ಟ ಮಾಡಲು ಹೊರಡುವುದಿಲ್ಲ, ಹಾಗೆ ಮಾಡಿದರೆ ಒಳ್ಳೆಯ ಲೋಹವೂ ಹೋಗುತ್ತದೆ. ಎಮರಿ ಕಾಗದವನ್ನಂತೂ ಮುಟ್ಟುವುದಿಲ್ಲ. ಅದರ ಹರಳುಗಳು ಲೋಹದಲ್ಲಿ ಸಿಕ್ಕಿಕೊಂಡರೆ ವಿದ್ಯುತ್ತಿಗೆ ಅಡ್ಡ ಕೂರುತ್ತವೆ. ಕಡೆಗೆ ಪೆಟ್ರೋಲಿನಲ್ಲಿ ಒರೆಸಿ, ಒಂದು ದಪ್ಪ ಕಾರ್ಡಿನ ಚೂರನ್ನು ಮುಚ್ಚಿದ ಪಾಯಿಂಟಿನ ನಡುವೆ ಎಳೆದು ಎಣ್ಣೆಯ ಪಸೆ ತೆಗೆಯುತ್ತಾರೆ. ಎಣ್ಣೆ ಉಳಿದರೆ ಕಿಡಿಗೆ ಸುಟ್ಟು ಕರಿಯಾಗಿ ಕೂರುತ್ತದೆ.

ಆಮೇಲೆ ಗೇಜು. ಎಲೆ ಹಿಡಿದೂ ಹಿಡಿಯದ ಹಾಗೆ ಜಾರಬೇಕು. ಸ್ಕ್ರೂ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ತೂರಿಸಿ ನೋಡುತ್ತಾರೆ, ಬಿಗಿ ಮಾಡುವಾಗಲೇ ಕೂದಲೆಳೆಯಷ್ಟು ಜರುಗಿರುವುದುಂಟು. ಇಷ್ಟಾದ ಮೇಲೆ ಪಾಯಿಂಟಿನ ಮುಖ ಮಾಸಲು ಬೂದು ಬಣ್ಣಕ್ಕೆ ಬಂದು ನಿಂತರೆ ಗಾಡಿ ಆರೋಗ್ಯವಾಗಿದೆ ಎಂದರ್ಥ. ನೀಲಿಗೆ ತಿರುಗಿದರೆ ಕಾವು ಹೆಚ್ಚಾಗಿದೆ, ಕಂಡೆನ್ಸರಿನ ಕಡೆ ನೋಡಬೇಕು. "ಪಾಯಿಂಟ್ ಬದಲಾಯಿಸಿಬಿಡಿ ಸಾರ್" ಎನ್ನುವುದು ಸುಲಭ. ಕಂಡೆನ್ಸರ್ ನೋಡದೆ ಪಾಯಿಂಟ್ ಬದಲಾಯಿಸಿದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ.

ಬೈಕು ಬಿಟ್ಟು ತೋಟಕ್ಕೆ ಬಂದರೆ ಕಿಡಿಯ ಸ್ವಭಾವವೇ ಬೇರೆ. ಬೋರ್‌ವೆಲ್ಲಿನ ಸ್ಟಾರ್ಟರಿನಲ್ಲಿ ಇರುವುದು ಸೆಕೆಂಡಿಗೆ 50 ಆವರ್ತನೆಯ ಎಸಿ. ಪ್ರತಿ ಆವರ್ತನೆಯಲ್ಲೂ ಎರಡು ಸಲ, ಸೆಕೆಂಡಿಗೆ ನೂರು ಸಲ ಅದು ಸೊನ್ನೆಗೆ ಇಳಿಯುತ್ತದೆ. ಎಷ್ಟೇ ದೊಡ್ಡ ಕಿಡಿಯಾದರೂ ಆ ಸೊನ್ನೆಯಲ್ಲಿ ಒಮ್ಮೆ ಉಸಿರು ಕಳೆದುಕೊಳ್ಳುತ್ತದೆ. ಅಷ್ಟರಲ್ಲಿ ಅಂತರ ತಣ್ಣಗಾಗಿದ್ದರೆ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಣ್ಣ ರಿಲೇಯ ಮೈಮೇಲೆ ಒಂದೇ 10 ಆಂಪಿಯರಿಗೆ 250 ವೋಲ್ಟ್ ಎಸಿ ಎಂದೂ 30 ವೋಲ್ಟ್ ಡಿಸಿ ಎಂದೂ ಬರೆದಿರುವುದು ಇದೇ ಕಾರಣಕ್ಕೆ. ಡಿಸಿಗೆ ಸೊನ್ನೆಯೇ ಇಲ್ಲ, ಹತ್ತಿಕೊಂಡ ಕಿಡಿ ತಾನಾಗಿ ಆರುವುದಿಲ್ಲ.

ಸ್ಟಾರ್ಟರಿನಲ್ಲಿ ಕಾಂಟ್ಯಾಕ್ಟ್ ಹಾಳಾಗುವುದು ಬಿಡುವಾಗ ಮಾತ್ರವಲ್ಲ, ಕೂಡುವಾಗಲೂ. ಮೋಟರು ಹೊರಡುವ ಗಳಿಗೆಯಲ್ಲಿ ಮಾಮೂಲಿಗಿಂತ ಆರೇಳು ಪಟ್ಟು ಆಂಪಿಯರ್ ಎಳೆಯುತ್ತದೆ. ಅದೇ ಗಳಿಗೆಯಲ್ಲಿ ಕಾಂಟ್ಯಾಕ್ಟುಗಳು ಬಡಿದು, ಕೆಲವು ಮಿಲಿಸೆಕೆಂಡು ಪುಟಿದು, ಆಮೇಲೆ ಕೂರುತ್ತವೆ. ಪ್ರತಿ ಪುಟಿತದಲ್ಲೂ ಕಿಡಿ, ಕರಗಿದ ಲೋಹ, ಅದರ ಮೇಲೆ ಮತ್ತೆ ಒತ್ತಡ. ವೋಲ್ಟೇಜ್ ಕಡಿಮೆಯಿದ್ದ ರಾತ್ರಿ ಕಾಂಟ್ಯಾಕ್ಟನ್ನು ಎಳೆದು ಹಿಡಿಯುವ ಕಾಯಿಲಿಗೆ ಬಲವಿಲ್ಲದೆ ಸ್ಟಾರ್ಟರ್ ಕಿರ್ರೆನ್ನತೊಡಗಿದರೆ ಇದು ಒಂದೇ ಸಮನೆ ನಡೆಯುತ್ತದೆ, ಕೊನೆಗೆ ಎರಡೂ ಬಿಲ್ಲೆಗಳು ಬೆಸೆದುಕೊಂಡುಬಿಡುತ್ತವೆ. ಆಮೇಲೆ ಕೆಂಪು ಗುಂಡಿ ಒತ್ತಿದರೂ ಮೋಟರು ನಿಲ್ಲದು.

ಇದನ್ನು ತಡೆಯಲು ಕಾಂಟ್ಯಾಕ್ಟಿನ ಬೆಳ್ಳಿಗೆ ಕ್ಯಾಡ್ಮಿಯಂ ಆಕ್ಸೈಡ್ ಬೆರೆಸುತ್ತಿದ್ದರು. ಕ್ಯಾಡ್ಮಿಯಂ ವಿಷವೆಂದು ಈಗ ಆ ಜಾಗಕ್ಕೆ ತವರದ ಆಕ್ಸೈಡ್ ಬಂದಿದೆ. ಬೆಳ್ಳಿ ಒಳ್ಳೆಯ ದಾರಿ ಕೊಡುತ್ತದೆ, ಆಕ್ಸೈಡಿನ ಕಣಗಳು ಅದನ್ನು ಬೆಸೆಯಲು ಬಿಡುವುದಿಲ್ಲ. ಇಲ್ಲಿ ಬೈಕ್ ಮೆಕ್ಯಾನಿಕ್ಕಿನ ಬುದ್ಧಿ ಓಡಿಸಬಾರದು. ಬೆಳ್ಳಿಯ ಕಾಂಟ್ಯಾಕ್ಟ್ ಕಪ್ಪಾಗಿದೆ, ಅಲ್ಲಲ್ಲಿ ಕಚ್ಚಿದ ಗುರುತಿದೆ ಎಂದು ಫೈಲ್ ಹಾಕಿದರೆ ನಷ್ಟವೇ. ಆ ಕಪ್ಪು ವಿದ್ಯುತ್ತಿಗೆ ಅಷ್ಟೇನೂ ಅಡ್ಡಿಯಲ್ಲ, ಉಜ್ಜಿ ತೆಗೆದದ್ದು ಬೆಲೆಬಾಳುವ ಬೆಳ್ಳಿ. ತಾಮ್ರದ ಕಾಂಟ್ಯಾಕ್ಟಾದರೆ ಬೇರೆ ಮಾತು, ಅದರ ಆಕ್ಸೈಡ್ ದಾರಿ ಕಟ್ಟುತ್ತದೆ, ಶುಚಿ ಮಾಡಲೇಬೇಕು. ಬಲ್ಲ ಎಲೆಕ್ಟ್ರಿಷಿಯನ್ ಬೆಳ್ಳಿಯ ದಪ್ಪ ಇನ್ನೆಷ್ಟು ಉಳಿದಿದೆ ಎಂದು ನೋಡಿ, ಸಾಕಷ್ಟಿದ್ದರೆ ಹಾಗೇ ಮುಚ್ಚುತ್ತಾನೆ.

ಮನೆಯ ಎಂಸಿಬಿಯಲ್ಲಿ, ಅಂದರೆ ವಿದ್ಯುತ್ತು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚಿನಲ್ಲಿ, ಇನ್ನೊಂದು ಉಪಾಯವಿದೆ. ಜರ್ಮನಿಯ ಹ್ಯೂಗೊ ಸ್ಟೋಟ್ಜ್ 1924ರಲ್ಲಿ ಪೇಟೆಂಟ್ ಪಡೆದ ಈ ಸಾಧನವನ್ನು ಬಿಚ್ಚಿದರೆ ಒಳಗೆ ತೆಳು ಉಕ್ಕಿನ ತಗಡುಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದ ಸಣ್ಣ ಗೂಡು ಕಾಣುತ್ತದೆ. ಕಾಂಟ್ಯಾಕ್ಟ್ ತೆರೆದಾಗ ಹುಟ್ಟಿದ ಆರ್ಕನ್ನು ಕಾಂತಬಲ ಈ ಗೂಡಿನೊಳಗೆ ತಳ್ಳುತ್ತದೆ. ತಗಡುಗಳು ಅದನ್ನು ತುಂಡು ತುಂಡು ಮಾಡುತ್ತವೆ. ಒಂದೊಂದು ತುಂಡು ಜೀವ ಹಿಡಿಯಲು ಇಪ್ಪತ್ತು ವೋಲ್ಟಿನ ಆಸುಪಾಸು ಬೇಕು. ಹತ್ತು ಹನ್ನೆರಡು ತುಂಡಾದರೆ ಮನೆಯ ವೋಲ್ಟೇಜ್ ಸಾಲುವುದಿಲ್ಲ, ಆರ್ಕ್ ಸಾಯುತ್ತದೆ. ಆರ್ಕನ್ನು ಹೀಗೆ ಕತ್ತರಿಸುವ ಬಗೆಯನ್ನು ಅಮೆರಿಕದ ವೆಸ್ಟಿಂಗ್‌ಹೌಸ್‌ನ ಜೋಸೆಫ್ ಸ್ಲೆಪಿಯನ್ 1920ರ ದಶಕದಲ್ಲಿ ಬೆಳೆಸಿದರು. ಸೋಲಾರ್ ಪಂಪು, ಮನೆ ಮೇಲಿನ ಸೋಲಾರ್ ಫಲಕಗಳು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ ಎಸಿ, ಡಿಸಿ ಆರ್ಕುಗಳ ವ್ಯತ್ಯಾಸ ತಿಳಿದಿರಬೇಕಾದ ಸಂಗತಿ. ಫಲಕಗಳ ಸಾಲಿನಿಂದ ಇಳಿಯುವುದು ನೂರಾರು ವೋಲ್ಟಿನ ಡಿಸಿ. ಅಲ್ಲಿಗೆ ಎಸಿಯ ಎಂಸಿಬಿ ಹಾಕಿದರೆ ಆರ್ಕ್ ಆರದೆ ಪೆಟ್ಟಿಗೆಯೇ ಕರಗಬಹುದು. ಡಿಸಿ ಎಂಸಿಬಿಗಳಲ್ಲೂ ಪ್ಲಸ್ ಮೈನಸ್ ಗುರುತು ಇರುವಂಥದ್ದನ್ನು ತಿರುಗಿಸಿ ಜೋಡಿಸಿದರೆ ಆರ್ಕ್ ಗೂಡಿನ ಕಡೆ ಹೋಗದೆ ಹಿಂದಕ್ಕೆ ಓಡುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಿಡಿಯಿಂದ ಲೋಹವನ್ನು ಉಳಿಸಿಕೊಳ್ಳುವ ಕಥೆ. ಅದರ ಮಗ್ಗುಲು ಬದಲಾಗಿದ್ದು ಎರಡನೇ ಮಹಾಯುದ್ಧದ ನಡುವೆ, ಸೋವಿಯತ್ ಒಕ್ಕೂಟದಲ್ಲಿ. ಬೋರಿಸ್ ಮತ್ತು ನತಾಲಿಯಾ ಲಾಜರೆಂಕೊ ಎಂಬ ವಿಜ್ಞಾನಿ ದಂಪತಿಗೆ ವಹಿಸಿದ್ದ ಕೆಲಸ, ಟಂಗ್‌ಸ್ಟನ್ ಕಾಂಟ್ಯಾಕ್ಟುಗಳ ಸವೆತ ನಿಲ್ಲಿಸುವ ದಾರಿ ಹುಡುಕುವುದು. ಕಾಂಟ್ಯಾಕ್ಟುಗಳನ್ನು ಎಣ್ಣೆಯಂಥ ದ್ರವದಲ್ಲಿ ಮುಳುಗಿಸಿಯೂ ನೋಡಿದರು. ಸವೆತ ನಿಲ್ಲಲಿಲ್ಲ. ಆದರೆ ಗಾಳಿಯಲ್ಲಿ ಅಡ್ಡಾದಿಡ್ಡಿಯಾಗಿದ್ದ ಸವೆತ ದ್ರವದಲ್ಲಿ ಒಂದು ಹದಕ್ಕೆ ಬಂದಿತ್ತು. ಎಷ್ಟು ಶಕ್ತಿ ಕೊಟ್ಟರೆ ಎಷ್ಟು ಲೋಹ ಹೋಗುತ್ತದೆ ಎಂದು ಮೊದಲೇ ಹೇಳಬಹುದಿತ್ತು. ನಿಲ್ಲಿಸಲಾಗದ್ದನ್ನು ಕೆಲಸಕ್ಕೆ ಹಚ್ಚಬಹುದಲ್ಲ ಎಂದು ಅವರಿಗೆ ಹೊಳೆಯಿತು. 1943ರಲ್ಲಿ ಲೋಹವನ್ನು ಕಿಡಿಯಿಂದಲೇ ಕೊರೆಯುವ ವಿಧಾನ ಹೊರಬಂತು. ಅವರ ಸರ್ಕ್ಯೂಟಿನಲ್ಲೂ ಒಂದು ಕಂಡೆನ್ಸರ್ ಇತ್ತು. ಇಗ್ನಿಷನ್ನಿನಲ್ಲಿ ಕಿಡಿಯನ್ನು ನುಂಗಿಕೊಳ್ಳುವ ಅದೇ ಭಾಗ ಇಲ್ಲಿ ಶಕ್ತಿ ಕೂಡಿಟ್ಟು, ಒಮ್ಮೆಗೇ ಕಿಡಿಯಾಗಿ ಬಿಡುತ್ತಿತ್ತು. ಕಿಡಿ ಲೋಹದ ಮೇಲೆ ಗುರುತು ಬಿಡುತ್ತದೆ ಎಂದು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್‌ಲಿ ಹದಿನೆಂಟನೇ ಶತಮಾನದಲ್ಲೇ ಗಮನಿಸಿದ್ದರು. ಗುರುತನ್ನು ಉಳಿಯಾಗಿ ಹಿಡಿಯಲು ಇಷ್ಟು ಕಾಲ ಬೇಕಾಯಿತು.

ಬೆಂಗಳೂರಿನ ಪೀಣ್ಯದ ಟೂಲ್‌ರೂಮುಗಳಲ್ಲಿ ಇವತ್ತು ಇದಕ್ಕೆ ಸ್ಪಾರ್ಕ್ ಎರೋಷನ್ ಎನ್ನುತ್ತಾರೆ, ತಂತಿಯಿಂದ ಕತ್ತರಿಸುವುದಾದರೆ ವೈರ್ ಕಟ್. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿಯಂಥ ಸಂಸ್ಥೆಗಳಲ್ಲಿ ಟೂಲ್ ಅಂಡ್ ಡೈ ಕಲಿತ ಹುಡುಗರಿಗೆ ಇದು ದಿನದ ಕೆಲಸ. ಪ್ಲಾಸ್ಟಿಕ್ ಮುಚ್ಚಳದ ಅಚ್ಚು ಮಾಡಬೇಕೆನ್ನಿ. ಉಕ್ಕನ್ನು ಗಟ್ಟಿ ಮಾಡಿದ ಮೇಲೆ ಅದರಲ್ಲಿ ಚೂಪು ಮೂಲೆ, ಆಳದ ಸೀಳು ಕೊರೆಯಲು ಮಿಲ್ಲಿಂಗ್ ಕಟರ್ ಒದ್ದಾಡುತ್ತದೆ. ಕಿಡಿಗೆ ಗಟ್ಟಿ ಮೆದು ಎಂಬ ಭೇದವಿಲ್ಲ, ವಿದ್ಯುತ್ತು ಹರಿಯುವುದಾದರೆ ಸಾಕು. ಬೇಕಾದ ಕುಳಿಯ ಪಡಿಯಚ್ಚನ್ನು ತಾಮ್ರದಲ್ಲೋ ಗ್ರಾಫೈಟಿನಲ್ಲೋ ಮಾಡಿ, ಎಣ್ಣೆಯಲ್ಲಿ ಮುಳುಗಿದ ಉಕ್ಕಿನ ಕಡೆಗೆ ನಿಧಾನವಾಗಿ ಇಳಿಸುತ್ತಾರೆ. ಎರಡೂ ಎಂದೂ ಮುಟ್ಟುವುದಿಲ್ಲ. ನಡುವಿನ ಅಂತರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಿಂದ ಹತ್ತನೇ ಒಂದು ಭಾಗದವರೆಗೆ. ಯಂತ್ರ ಆ ಅಂತರವನ್ನು ತಾನೇ ಕಾಯ್ದುಕೊಳ್ಳುತ್ತದೆ. ಒಂದೊಂದು ಕಿಡಿಗೂ ಒಂದೊಂದು ಪುಟ್ಟ ಗುಳಿ, ಕರಗಿ ಸಿಡಿದ ಕಣಗಳನ್ನು ಹರಿಯುವ ಎಣ್ಣೆ ತೊಳೆದುಕೊಂಡು ಹೋಗುತ್ತದೆ.

ಇಲ್ಲಿನ ಕೈಚಳಕವೂ ಗ್ಯಾಪಿನ ಲೆಕ್ಕದಲ್ಲೇ ಇದೆ. ಒಂದೊಂದು ಬದಿಗೂ 0.05 ಮಿಲಿಮೀಟರ್ ಕಿಡಿಯ ಜಾಗ ಬೇಕೆಂದರೆ 10 ಮಿಲಿಮೀಟರಿನ ಕುಳಿಗೆ 9.9ರ ತಾಮ್ರ ಮಾಡಬೇಕು. ಮೊದಲು ದೊಡ್ಡ ಕಿಡಿಗಳಿಂದ ರಫಿಂಗ್, ಲೋಹ ಬೇಗ ಹೋಗುತ್ತದೆ, ಮುಖ ಒರಟಾಗುತ್ತದೆ. ಆಮೇಲೆ ಸಣ್ಣ ಕಿಡಿಗಳಿಂದ ಫಿನಿಶಿಂಗ್. ಕೊನೆಗೆ ಮುಖದ ಮೇಲೆ ಕರಗಿ ಮರಳಿ ಹೆಪ್ಪಾದ ತೆಳು ಪದರ ಉಳಿದಿರುತ್ತದೆ, ಅದು ಪೆಡಸು, ಪಾಲಿಶ್ ಮಾಡಿ ತೆಗೆಯುತ್ತಾರೆ. ತಾಮ್ರ ಕರಗುವುದು 1,085 ಡಿಗ್ರಿಯಲ್ಲೇ, ಉಕ್ಕಿಗಿಂತ ಎಷ್ಟೋ ಮೊದಲು. ಆದರೂ ಅದು ಉಕ್ಕಿಗಿಂತ ಕಡಿಮೆ ಸವೆಯುತ್ತದೆ, ಏಕೆಂದರೆ ಕಿಡಿ ತಾಗಿದ ಕಾವನ್ನು ತಾಮ್ರ ಕ್ಷಣದಲ್ಲಿ ಒಳಗೆ ಹರಡಿಬಿಡುತ್ತದೆ, ಪ್ಲಸ್ ಮೈನಸ್ಸನ್ನೂ ತಾಮ್ರಕ್ಕೆ ಅನುಕೂಲವಾಗುವ ಹಾಗೆ ಕೊಟ್ಟಿರುತ್ತಾರೆ.

ಕಡಿಮೆ ಸವೆಯುತ್ತದೆ, ಸವೆಯದೆ ಇರುವುದಿಲ್ಲ. ಪಡಿಯಚ್ಚಿನ ಚೂಪು ಮೂಲೆಗಳು ಮೊದಲು ಮೊಂಡಾಗುತ್ತವೆ. ಅದಕ್ಕೇ ಅನುಭವಸ್ಥ ಆಪರೇಟರ್ ಒಂದೇ ಕುಳಿಗೆ ಎರಡು ಮೂರು ತಾಮ್ರದ ತುಂಡುಗಳನ್ನು ಮೊದಲೇ ಮಾಡಿಟ್ಟುಕೊಳ್ಳುತ್ತಾನೆ. ವೈರ್ ಕಟ್‌ನಲ್ಲಿ ಆ ರಗಳೆಯೇ ಬೇಡವೆಂದು ಕಾಲು ಮಿಲಿಮೀಟರಿನ ಹಿತ್ತಾಳೆ ತಂತಿಯನ್ನು ಸುರುಳಿಯಿಂದ ಹರಿಸುತ್ತಲೇ ಇರುತ್ತಾರೆ, ಒಮ್ಮೆ ಕಿಡಿ ಕಂಡ ತಂತಿ ಗುಜರಿಗೆ. ಲಾಜರೆಂಕೊ ದಂಪತಿಗೆ ಕೊಟ್ಟಿದ್ದ ಮೂಲ ಪ್ರಶ್ನೆ, ಕಿಡಿ ಬಿದ್ದರೂ ಸವೆಯದ ಲೋಹದ ಪ್ರಶ್ನೆ, ಹೀಗೆ ಬಾಕಿಯೇ ಉಳಿದಿದೆ. ಅದರ ಉತ್ತರಕ್ಕೆ ಕಾಯದೆ ಸವೆತವನ್ನು ಲೆಕ್ಕಕ್ಕೆ ಹಿಡಿದು ಕೆಲಸ ಸಾಗಿಸುವ ಜನ ಪೀಣ್ಯದಲ್ಲೂ ಇದ್ದಾರೆ, ಯೆಜ್ಡಿಯ ಮುಂದೆ ಫೀಲರ್ ಗೇಜ್ ಹಿಡಿದು ಕುಕ್ಕರಗಾಲಲ್ಲಿ ಕೂತವರಲ್ಲೂ ಇದ್ದಾರೆ.